ಹನಿ ಬಿದ್ದ ತೊಗಲು

"ಗುರುಗಳೇ, ತಿಳಿ ಬಣ್ಣದ ತೊಗಲಿಗೆ ಕಲೆ ಬಿದ್ದರೆ ತೆಗೆಯುವುದು ಹೇಗೆ?"

ಶಿಷ್ಯ ಹೀಗೆ ಕೇಳಿ ತನ್ನ ಟಿಪ್ಪಣಿ ಪುಸ್ತಕವನ್ನು ಗುರುಗಳ ಮುಂದೆ ಇಟ್ಟ. ಅವರು ಹೇಳಿದ ಮಾತುಗಳನ್ನೆಲ್ಲ ಅವನು ಅದರಲ್ಲಿ ಬರೆದುಕೊಳ್ಳುತ್ತಿದ್ದ. ಪುಸ್ತಕಕ್ಕೆ ಗೋಧಿ ಬಣ್ಣದ ತೊಗಲಿನ ಹೊದಿಕೆ. ಹೊದಿಕೆಯ ನಡುವೆ ಹೆಬ್ಬೆರಳಿನಷ್ಟಗಲ ಕಪ್ಪು ಕಲೆ. ಮೂರು ದಿನದಿಂದ ಅವನಿಗೆ ಅದೇ ಚಿಂತೆ. ಸೀಗೆಪುಡಿ ಹಾಕಿ ತಿಕ್ಕಲೇ, ನಿಂಬೆಹಣ್ಣು ಉಜ್ಜಲೇ ಎಂದು ಕಂಡವರನ್ನೆಲ್ಲ ಕೇಳಿ ಬಂದಿದ್ದ.

ಗುರುಗಳು ಹೊದಿಕೆಯನ್ನು ತಿರುಗಿಸಿ ನೋಡಿದರು.

"ಈ ವಿದ್ಯೆ ನನ್ನದಲ್ಲ ತಮ್ಮಾ. ಒಬ್ಬ ಚರ್ಮಕಾರನದು. ಅವನ ಕತೆ ಹೇಳುತ್ತೇನೆ. ತೆಗೆಯುವ ಬಗೆಯೂ ಅದರಲ್ಲೇ ಇದೆ."

ಶಿಷ್ಯ ಪುಸ್ತಕ ಬಿಚ್ಚಿ ಲೇಖನಿ ಹಿಡಿದ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಸುತ್ತಲಿನ ಏಳು ಹಳ್ಳಿಗೆ ಅವನೊಬ್ಬನೇ ವೈದ್ಯ. ಅವನ ಮದ್ದುಗಳೆಲ್ಲ ಒಂದು ಪುಸ್ತಕದಲ್ಲಿದ್ದವು. ಆ ಪುಸ್ತಕಕ್ಕೆ ಹಾಕಿದ ಬಟ್ಟೆಯ ಹೊದಿಕೆ ವರ್ಷ ತುಂಬುವುದರೊಳಗೆ ಹರಿಯುತ್ತಿತ್ತು. ಕೊನೆಗೆ ಊರಾಚೆಯ ಚರ್ಮಕಾರನಿಗೆ ಹೇಳಿ ತೊಗಲಿನ ಹೊದಿಕೆ ಮಾಡಿಸಿಕೊಂಡ. ತೊಗಲು ಮೈಲಿಗೆ ಎಂದು ಅವನ ನಂಬಿಕೆ. ಆದರೆ ತೊಗಲು ಗಟ್ಟಿ. ಅವನಿಗೆ ಗಟ್ಟಿತನ ಬೇಕಿತ್ತು, ಮೈಲಿಗೆ ಬೇಡವಾಗಿತ್ತು. ಇಂಥವರು ಎರಡನ್ನೂ ಹೇಗೋ ಹೊಂದಿಸಿಕೊಳ್ಳುತ್ತಾರೆ.

ವರ್ಷ ಕಳೆಯಿತು. ಚರ್ಮಕಾರನ ಹೆಂಡತಿ ಕೆಂಚವ್ವನಿಗೆ ಜ್ವರ ಬಂತು. ಆರು ದಿನವಾದರೂ ಬಿಡಲಿಲ್ಲ. ಚರ್ಮಕಾರ ಬೆಳಿಗ್ಗೆಯೇ ಹೋಗಿ ವೈದ್ಯನ ಜಗಲಿಯ ಕೆಳಗೆ ನಿಂತ. ವೈದ್ಯ ಒಳಗೆ ಹೋಗಿ ಪುಸ್ತಕ ತಂದ. ಮದ್ದು ಹುಡುಕುತ್ತಾನೆ ಎಂದುಕೊಂಡ ಚರ್ಮಕಾರ. ವೈದ್ಯ ಪುಸ್ತಕವನ್ನು ಬಿಚ್ಚಲೇ ಇಲ್ಲ. ಹೊದಿಕೆಯನ್ನು ಅವನ ಕಡೆ ತಿರುಗಿಸಿ ಹಿಡಿದ.

"ನೋಡೋ ಇದನ್ನ. ನಾನು ಕೇಳಿದ್ದು ತೊಗಲು. ನೀನು ಕೊಟ್ಟಿದ್ದು ಕಜ್ಜಿ ಹತ್ತಿದ ನಾಯಿ."

ಹೊದಿಕೆಯ ಮೇಲ್ಭಾಗದ ತುಂಬ ಕಪ್ಪು ಕಪ್ಪು ಚುಕ್ಕೆಗಳು. ಕೆಲವು ಒಂದರೊಳಗೊಂದು ಸೇರಿ ದೊಡ್ಡ ಮಚ್ಚೆಗಳಾಗಿದ್ದವು.

"ಸ್ವಾಮೀ, ಮನೆಯಾಕೆಗೆ ಆರು ದಿನದಿಂದ ಜ್ವರ. ಕಣ್ಣು ಬಿಡೋದಕ್ಕೂ ಕಷ್ಟಪಡ್ತಾಳೆ. ಮೊದಲು ಮದ್ದು ಕೊಡ್ರಿ, ಇದನ್ನ ನಾನು ನೋಡ್ತೀನಿ."

"ಮೊದಲು ಕಲೆ ತೆಗಿ. ಆಮೇಲೆ ಮದ್ದು. ಊರಿಗೆಲ್ಲ ಕೆಟ್ಟ ತೊಗಲು ಕೊಟ್ಟುಕೊಂಡು ನನ್ನ ಹತ್ರ ಮಾತ್ರ ಒಳ್ಳೇ ಮದ್ದು ಬೇಕೇನೋ ನಿನಗೆ?"

ವೈದ್ಯ ಹೊದಿಕೆಯನ್ನು ಕಳಚಿ ಅಂಗಳಕ್ಕೆ ಎಸೆದ.

ಚರ್ಮಕಾರ ಅದನ್ನು ಎತ್ತಿಕೊಂಡು ಮನೆಗೆ ಬಂದ. ದಾರಿಯುದ್ದಕ್ಕೂ ಸಿಟ್ಟು ಕುದಿಯುತ್ತಿತ್ತು. ಮನೆ ಮುಂದೆ ಕೂತು ಹೊದಿಕೆಯನ್ನು ಬೆಳಕಿಗೆ ಹಿಡಿದ ಮೇಲೆ ಸಿಟ್ಟು ಹಿಂದೆ ಸರಿಯಿತು, ಕುತೂಹಲ ಮುಂದೆ ಬಂತು. ಕೈಕೆಲಸ ಬಲ್ಲವನ ಸ್ವಭಾವವೇ ಹಾಗೆ. ಇದು ಅವನು ತಂಗಡಿ ಗಿಡದ ತೊಗಟೆ ಹಾಕಿ ತಾನೇ ಹದ ಮಾಡಿದ ತೊಗಲು. ಹದ ಕೆಟ್ಟಿದ್ದರೆ ಒಳಗೂ ಕಲೆ ಇರಬೇಕಿತ್ತು. ಒಳಭಾಗ ಚೊಕ್ಕವಾಗಿತ್ತು. ಎಣ್ಣೆ ಬಿದ್ದಿದ್ದರೆ ಜಿಡ್ಡು ಇರಬೇಕಿತ್ತು. ಬೆರಳಾಡಿಸಿದ, ಜಿಡ್ಡಿಲ್ಲ. ಬೆವರಾಗಿದ್ದರೆ ಉಪ್ಪಿರಬೇಕಿತ್ತು. ನಾಲಗೆ ಮುಟ್ಟಿಸಿ ನೋಡಿದ, ಉಪ್ಪಿಲ್ಲ. ವೈದ್ಯ ದಿನಾ ಹಿಡಿಯುತ್ತಿದ್ದ ಅಂಚು ಜೇನಿನ ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು. ಮನುಷ್ಯರ ಕೈ ಆಡಿದ ಜಾಗ ಎಲ್ಲಕ್ಕಿಂತ ಚೆನ್ನಾಗಿತ್ತು.

ಕೆಂಚವ್ವ ಒಳಗೆ ಚಾಪೆಯ ಮೇಲೆ ಮಲಗಿದ್ದಳು. ಅಲ್ಲಿಂದಲೇ ಗಂಡನನ್ನು ನೋಡುತ್ತಿದ್ದಳು.

"ನನ್ನ ಮೈ ಸುಡ್ತಾ ಇದೆ. ನೀನು ಅದರ ಮೈ ಸವರ್ತಾ ಕೂತಿದೀಯ," ಎಂದಳು.

"ಇದರ ರೋಗ ಗೊತ್ತಾದ್ರೆ ನಿನ್ನ ರೋಗಕ್ಕೆ ಮದ್ದು ಸಿಗ್ತದೆ ಕಣೇ."

"ಕೊಡು ಇಲ್ಲಿ, ನಾನೂ ನೋಡ್ತೀನಿ."

ತೊಗಲಿನ ಕೆಲಸದಲ್ಲಿ ಅವಳ ಕಣ್ಣು ಗಂಡನ ಕಣ್ಣಿಗಿಂತ ಚುರುಕು. ಹೊದಿಕೆಯನ್ನು ಮುಖದ ಹತ್ತಿರ ಹಿಡಿದು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅಷ್ಟು ಜ್ವರದಲ್ಲೂ ನಕ್ಕಳು.

"ಇದು ನೀರಿನ ಹನಿ."

"ಆ ಪುಸ್ತಕ ಜಗಲಿ ಇಳಿದೇ ಇಲ್ಲ. ಮಳೆ ಎಲ್ಲಿಂದ ಬಂತು?"

"ಮಳೆಯಲ್ಲ. ನಾವು ಮದ್ದು ಕೇಳಿ ಹೊರಟು ಬಂದ ಮೇಲೆ ನಾವು ನಿಂತ ಜಾಗಕ್ಕೆ ಆತ ಬೆರಳಲ್ಲಿ ನೀರು ಚಿಮುಕಿಸ್ತಾನಲ್ಲ, ಮೈಲಿಗೆ ಹೋಗಲಿ ಅಂತ? ನೆಲದ ಮೇಲೆ ಹೀಗೇ ಬೀಳ್ತದೆ. ನಾನು ಹಿಂದೆ ತಿರುಗಿ ನೋಡಿದೀನಿ. ನೀನು ನೋಡಿಲ್ಲ. ದಿನಾ ಬೆಳಿಗ್ಗೆ ನಮ್ಮ ತೊಗಲಿಗೂ ಚಿಮುಕಿಸಿ ಆಮೇಲೆ ಮುಟ್ಟಿದಾನೆ, ಮಹಾರಾಯ."

ಇಲ್ಲಿ ಶಿಷ್ಯ ಲೇಖನಿ ಎತ್ತಿದ. "ಗುರುಗಳೇ, ಬರಿಯ ನೀರು ಕಲೆ ಮಾಡುತ್ತದೆಯೇ?"

"ಮಾಡುತ್ತದೆ. ತೊಗಟೆಯಲ್ಲಿ ಹದ ಮಾಡಿದ ತಿಳಿ ಬಣ್ಣದ ತೊಗಲು ನೀರು ಬಿದ್ದ ಕೂಡಲೇ ಹೀರುತ್ತದೆ. ಹೀರಿದ ನೀರು ತೊಗಟೆಯ ರಸವನ್ನು ಹನಿಯ ಅಂಚಿಗೆ ತಳ್ಳುತ್ತದೆ. ನೀರು ಆರಿದ ಮೇಲೆ ಅಂಚು ಕಪ್ಪಾಗಿ ಉಳಿಯುತ್ತದೆ. ಒಂದು ಹನಿ ಬಿದ್ದರೆ ಒಂದು ಬಳೆ. ಸಾವಿರ ಹನಿ ಬಿದ್ದರೆ ವೈದ್ಯನ ಹೊದಿಕೆ."

ಶಿಷ್ಯ ಬರೆದುಕೊಂಡ. ಗುರುಗಳು ಮುಂದುವರಿಸಿದರು.

ತಪ್ಪು ತನ್ನದಲ್ಲ ಎಂದು ತೋರಿಸಿದರೆ ವೈದ್ಯ ಆಗಲೇ ಮದ್ದು ಕೊಟ್ಟಾನು ಎಂದು ಚರ್ಮಕಾರನಿಗೆ ಆಸೆ ಹುಟ್ಟಿತು. ಅದೇ ತೊಗಲಿನ ಉಳಿದ ತುಂಡೊಂದನ್ನು ತೆಗೆದುಕೊಂಡು ಓಡಿದ. ವಿಷಯ ಹೇಳಿದ. ವೈದ್ಯನ ಮುಖ ಕೆಂಪಾಯಿತು.

"ಏನಂದೆ? ಶುದ್ಧಿ ಮಾಡೋ ನೀರು ಕಲೆ ಮಾಡ್ತದೇನೋ?"

"ಶುದ್ಧಿ ಏನು ಮಾಡ್ತದೋ ನನಗೆ ಗೊತ್ತಿಲ್ಲ ಸ್ವಾಮೀ. ನೀರು ಕಲೆ ಮಾಡ್ತದೆ. ಈ ತುಂಡಿನ ಮೇಲೆ ನೀವೇ ಚಿಮುಕಿಸಿ ನೋಡ್ರಿ."

ವೈದ್ಯ ಚಿಮುಕಿಸಿದ. ತುಂಡು ಅಂಗಳದ ಕಲ್ಲಿನ ಮೇಲಿತ್ತು. ಮೊದಲು ಏನೂ ಕಾಣಲಿಲ್ಲ. ವೈದ್ಯ ಜಗಲಿಯಿಂದ ಒಂದು ಮೆಟ್ಟಿಲು ಇಳಿದ. ಆಮೇಲೆ ಇನ್ನೊಂದು. ಕೊನೆಗೆ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಚರ್ಮಕಾರನೂ ಎದುರಿಗೆ ಕೂತ. ಹನಿಗಳು ಆರುತ್ತ ಬಂದವು. ಒಂದೊಂದರ ಸುತ್ತಲೂ ತೆಳ್ಳನೆಯ ಗೆರೆ ಎದ್ದಿತು. ಇಬ್ಬರೂ ಬಾಗಿದರು. ತಲೆಗೂ ತಲೆಗೂ ನಡುವೆ ಗೇಣು ಜಾಗವೂ ಉಳಿಯಲಿಲ್ಲ.

"ಸರಿಯೋ ಆಚೆ, ನಿನ್ನ ನೆರಳು ಬೀಳ್ತಾ ಇದೆ," ಎಂದ ವೈದ್ಯ. "ಗೆರೆ ಸರಿಯಾಗಿ ಕಾಣ್ತಾ ಇಲ್ಲ."

ಅವನು ಆ ಮಾತನ್ನು ಚರ್ಮಕಾರನಿಗೆ ಎಷ್ಟೋ ಸಲ ಹೇಳಿದ್ದ. ಬೆಳಕಿಗಾಗಿ ಹೇಳಿದ್ದು ಅದೇ ಮೊದಲು.

ಗೆರೆ ಕಪ್ಪಾಯಿತು. ವೈದ್ಯ ತುಂಡನ್ನು ತಾನೇ ಕೈಯಲ್ಲಿ ಎತ್ತಿಕೊಂಡ, ಬೆರಳಿನಿಂದ ಸವರಿದ, ಬೆಳಕಿಗೆ ಹಿಡಿದ. "ಅರೆ! ಹೌದಲ್ಲೋ!" ಎಂದ. ಅವನ ಮುಖ ಅರಳಿತ್ತು. ಚರ್ಮಕಾರ ಕೈ ಮುಗಿದ.

"ನನ್ನ ತಪ್ಪಿಲ್ಲ ಅಂತ ಗೊತ್ತಾಯ್ತಲ್ಲ ಸ್ವಾಮೀ. ಮದ್ದು ಕೊಡ್ರಿ."

ವೈದ್ಯ ಎದ್ದು ನಿಂತ. ಮೆಟ್ಟಿಲು ಹತ್ತಿದ. ಮೇಲೆ ಹೋದ ಮೇಲೆ ಅವನ ದನಿ ಮತ್ತೆ ಮೇಲಿನದಾಯಿತು.

"ತಪ್ಪು ನೀರಿನದೇ ಇರಲಿ. ಕಲೆ ಹೋಗಿಲ್ಲವಲ್ಲ? ತೆಗೆದುಕೊಂಡು ಬಾ. ಮದ್ದು ಅರೆದಿಟ್ಟಿರ್ತೀನಿ."

ಚರ್ಮಕಾರ ಬೀದಿಯ ತಿರುವು ಮುಟ್ಟುವ ಮೊದಲೇ ಹಿಂದೆ ನೀರು ಚಿಮುಕಿಸುವ ಸದ್ದು ಕೇಳಿತು.

"ಹಾಗಾದರೆ ಆ ಕಲೆಯನ್ನು ಅವನು ತೆಗೆದದ್ದು ಹೇಗೆ?" ಶಿಷ್ಯ ಮುಂದಕ್ಕೆ ಸರಿದು ಕೂತ. "ನೀರಿನ ಕಲೆಗೆ ಸೀಗೆ ಹಾಕಿದನೇ?"

ಗುರುಗಳು ಅವನನ್ನು ಒಮ್ಮೆ ನೋಡಿದರು. "ಹೇಳುತ್ತೇನೆ, ಕೇಳು."

ಸೀಗೆ ಹಾಕಲಿಲ್ಲ. ನಿಂಬೆ ಹಾಕಲಿಲ್ಲ. ಅವು ಕಲೆಯ ಜೊತೆಗೆ ಬಣ್ಣವನ್ನೂ ತಿನ್ನುತ್ತವೆ. ಕಲೆಯಿದ್ದ ಜಾಗವನ್ನಷ್ಟೇ ಒರೆಸಲೂ ಇಲ್ಲ. ಹಾಗೆ ಒರೆಸಿದರೆ ಹಳೆಯ ಕಲೆಯ ಸುತ್ತ ಹೊಸದೊಂದು ಏಳುತ್ತದೆ. ಮೊದಲು ಒಣ ಬಟ್ಟೆಯಲ್ಲಿ ಧೂಳು ತೆಗೆದ. ಬಿಳಿಯ ಬಟ್ಟೆಯೊಂದನ್ನು ನೀರಲ್ಲಿ ಅದ್ದಿ ಒಂದು ಹನಿಯೂ ತೊಟ್ಟಿಕ್ಕದಂತೆ ಹಿಂಡಿದ. ಅದರಿಂದ ಈ ಅಂಚಿನಿಂದ ಆ ಅಂಚಿನವರೆಗೆ ಇಡೀ ತೊಗಲನ್ನು ಒರೆಸಿದ. ಒಳ್ಳೆಯ ಜಾಗ, ಕೆಟ್ಟ ಜಾಗ ಎಂದು ನೋಡಲಿಲ್ಲ. ಎಲ್ಲ ಒಂದೇ ಸಮ ತೇವವಾದಾಗ ಕಪ್ಪು ಗೆರೆಗಳು ಸಡಿಲವಾದವು. ಅದೇ ಬಟ್ಟೆಯ ಇನ್ನೊಂದು ತುಂಡನ್ನು ಹಿಂಡಿ ಕೆಂಚವ್ವನ ಹಣೆಗೆ ಹಾಕಿದ. ತೊಗಲು ತಣ್ಣಗಾಗಿತ್ತು. ಹಣೆ ಆಗಲಿಲ್ಲ.

ಒದ್ದೆ ತೊಗಲು ನೆರಳಲ್ಲಿ ಆರಬೇಕು. ಮೂರು ದಿನ ಬೇಕು. ಬಿಸಿಲಿಗಿಟ್ಟರೆ ಬಣ್ಣ ಹೋಗುತ್ತದೆ, ಬೆಂಕಿಯ ಹತ್ತಿರ ಹಿಡಿದರೆ ಒಂದು ಗಳಿಗೆಯಲ್ಲಿ ಒಣಗುತ್ತದೆ, ಆದರೆ ಸೆಟೆದು ಬಿರಿಯುತ್ತದೆ. ಚರ್ಮಕಾರ ಎರಡು ಸಲ ಹೊದಿಕೆಯನ್ನು ಒಲೆಯವರೆಗೆ ಒಯ್ದ. ಎರಡು ಸಲವೂ ವಾಪಸು ತಂದ. ಬಿರಿದ ತೊಗಲು ಒಯ್ದರೆ ವೈದ್ಯ ಮದ್ದು ಕೊಡುವನೇ? ಮೂರು ದಿನ ಕಾದರೆ ಇವಳು ತಡೆಯುವಳೇ? ಬರಿಗೈಯಲ್ಲಿ ಮತ್ತೊಮ್ಮೆ ಹೋಗಿ ಬೇಡಿದ. ವೈದ್ಯನ ಮನೆಯವರು ಬಾಗಿಲಲ್ಲೇ ನಿಂತು, "ಕಲೆ ಹೋಯಿತಾ? ಇಲ್ಲವಾ? ಹೋದ ಮೇಲೆ ಬಾ," ಎಂದರು.

"ಒಲೆ ಹತ್ರ ಇಡಬೇಡ," ಎಂದಳು ಕೆಂಚವ್ವ. "ಅದು ಬಿರಿದ್ರೆ ನಾನು ಮೂರು ದಿನ ಉಳಿದೂ ದಂಡ."

ಮೊದಲ ದಿನ ಅವಳು ಹೀಗೆ ಮಾತಾಡಿದಳು. ಎರಡನೆಯ ದಿನ ಮಾತಾಡಲಿಲ್ಲ. ನೀರು ಕೊಟ್ಟರೆ ತುಟಿಯಿಂದ ಹೊರಗೆ ಬರುತ್ತಿತ್ತು. ಮೂರನೆಯ ದಿನ ತೊಗಲು ಆರಿತು. ಆರಿದ ತೊಗಲು ಬಿರುಸಾಗಿರುತ್ತದೆ. ಅದಕ್ಕೆ ಹರಳೆಣ್ಣೆ ಕೊಡಬೇಕು.

"ಎಷ್ಟು ಎಣ್ಣೆ?" ಎಂದ ಶಿಷ್ಯ. ಅವನ ಲೇಖನಿ ನಿಂತಿರಲಿಲ್ಲ.

"ಬೆರಳ ತುದಿಗೆ ಹತ್ತಿದಷ್ಟು."

"ನೇರವಾಗಿ ತೊಗಲಿಗೆ ಹಚ್ಚಬಹುದೇ?"

"ಹಚ್ಚಬಾರದು. ಮೊದಲು ಬಟ್ಟೆಗೆ ಹಚ್ಚಿ, ಆ ಬಟ್ಟೆಯಿಂದ ತೊಗಲಿಗೆ. ನೇರ ಹಚ್ಚಿದರೆ ಎಣ್ಣೆಯೇ ಕಲೆ ಮಾಡುತ್ತದೆ. ಆಮೇಲೆ ಅಂಗೈಯಿಂದ ಉಜ್ಜಬೇಕು, ಅಂಗೈ ಬಿಸಿಯಾಗುವವರೆಗೆ. ಚರ್ಮಕಾರ ಒಂದು ಕೈಯಿಂದ ಉಜ್ಜಿದ. ಇನ್ನೊಂದು ಕೈಯಲ್ಲಿ ಕೆಂಚವ್ವನ ಕೈ ಹಿಡಿದುಕೊಂಡಿದ್ದ."

ಶಿಷ್ಯ 'ಅಂಗೈ ಬಿಸಿಯಾಗುವವರೆಗೆ' ಎಂದು ಬರೆದು ಅದರ ಕೆಳಗೆ ಗೆರೆ ಎಳೆದ.

"ನಾಲ್ಕನೆಯ ದಿನ ಬೆಳಿಗ್ಗೆ," ಎಂದರು ಗುರುಗಳು, "ಚರ್ಮಕಾರ ಹೊದಿಕೆಯನ್ನು ಒಂದು ಬಟ್ಟೆಯಲ್ಲಿ ಸುತ್ತಿಕೊಂಡು ಹೋದ. ಜಗಲಿಯ ಕೆಳಗೆ ನಿಂತ. ವೈದ್ಯ ಹೊರಗೆ ಬಂದ. ಅವನ ಕೈಯಲ್ಲಿ ಮದ್ದಿನ ಪೊಟ್ಟಣ ಇತ್ತು. ಚರ್ಮಕಾರ ಬಟ್ಟೆ ಬಿಚ್ಚಿ ಹೊದಿಕೆಯನ್ನು ಮೆಟ್ಟಿಲ ಮೇಲೆ ಇಟ್ಟ. ಮದ್ದು ಕೇಳಲಿಲ್ಲ."

ಗುರುಗಳು ಅಷ್ಟಕ್ಕೆ ಮಾತು ನಿಲ್ಲಿಸಿದರು.

ಶಿಷ್ಯ ಕೊನೆಯ ಸಾಲು ಬರೆದು ಮುಗಿಸಿದ. ತಾನು ಬರೆದದ್ದನ್ನು ಮೇಲಿನಿಂದ ಕೆಳಗೆ ಓದಿಕೊಂಡ. ಒಣ ಬಟ್ಟೆ, ಹಿಂಡಿದ ಬಟ್ಟೆ, ನೆರಳು, ಮೂರು ದಿನ, ಹರಳೆಣ್ಣೆ, ಅಂಗೈ. ಎಲ್ಲವೂ ಇತ್ತು. ಒಂದು ಮಾತ್ರ ಉಳಿದಿತ್ತು. ತಲೆಯೆತ್ತಿ ಕೇಳಿದ.

"ಗುರುಗಳೇ, ಕಲೆ ಪೂರ್ತಿ ಹೋಗಿತ್ತೇ?"

"ವೈದ್ಯನೂ ಇದನ್ನೇ ಕೇಳಿದ, ತಮ್ಮಾ."