ಬೈಸನ್ ಸಾಕಿದ ದನಗಾರ

"ಮನಸ್ಸು ಒಳ್ಳೆಯದಿದ್ದರೆ ಸಾಲದೇ ಬುದ್ಧಿ?" ಎಂದು ರೇವಣಯ್ಯ ಗುರುಗಳನ್ನು ಕೇಳಿದ.

ಶಾಖಾ ಮಠವೊಂದರ ಹೊಣೆ ಅವನಿಗೆ ಬಂದಿತ್ತು. ಬೆಳಗಾದರೆ ಹೊರಡಬೇಕು. ಅಲ್ಲಿ ಏನೇನು ಬದಲಾಯಿಸಬೇಕೆಂದು ಆಗಲೇ ಗೊತ್ತುಮಾಡಿಕೊಂಡಿದ್ದ. "ಅಲ್ಲಿನ ಹಳಬರು ಎಲ್ಲಕ್ಕೂ ಕೊಕ್ಕೆ ಹಾಕುತ್ತಾರಂತೆ. ಮಠ ಉಳಿಯಲೆಂದು ಮಾಡುವ ಕೆಲಸಕ್ಕೂ ಅವರನ್ನು ಕೇಳುತ್ತ ಕೂರಬೇಕೇ?"

"ಕೂತುಕೋ ಮರಿ, ಅವಸರವೆಲ್ಲ ನಾಳೆಗಿರಲಿ," ಎಂದು ಗುರುಗಳು ಈ ಕತೆ ಹೇಳಿದರು.

ಕಡಲಾಚೆ ಅಮೆರಿಕದಲ್ಲಿ ಕಣ್ಣು ಹಾಯುವಷ್ಟೂ ಹುಲ್ಲಿನ ಬಯಲು. ಅಲ್ಲಿ ಬೈಸನ್ ಎಂಬ ಕಾಡುದನ. ನಮ್ಮ ಕಾಟಿಗೆ ದೂರದ ನೆಂಟ ಅನ್ನು. ಆ ಬಯಲಿನ ಮೂಲದ ಜನಕ್ಕೆ ಅದೇ ಊಟ, ಅದೇ ಹೊದಿಕೆ, ಅದರ ಚರ್ಮವೇ ಮನೆ. ಅಣ್ಣ ಎಂದು ಕರೆಯುತ್ತಿದ್ದರು, ಕೊಲ್ಲುವಾಗಲೂ ಕೈಮುಗಿಯುತ್ತಿದ್ದರು. ಆಮೇಲೆ ಬಂದೂಕಿನವರು ಬಂದರು. ಚರ್ಮ ಸುಲಿದುಕೊಂಡು ಮಾಂಸವನ್ನು ಹದ್ದಿಗೆ ಬಿಟ್ಟರು. ನೆನೆದರೆ ಹೊಟ್ಟೆ ಉರಿಯುತ್ತದೆ ಮರಿ. ಬಯಲು ತುಂಬಿದ್ದ ಹಿಂಡು ಒಂದು ತಲೆಮಾರಿನೊಳಗೆ ಮೂಳೆಯ ರಾಶಿಯಾಯಿತು.

ಆ ಸೀಮೆಯಲ್ಲಿ ಒಬ್ಬ ದನಗಾರನಿದ್ದ, ದೊಡ್ಡ ದನದ ಹಟ್ಟಿಯ ಯಜಮಾನ. ಬಂದೂಕಿನವರ ಕಣ್ಣುತಪ್ಪಿಸಿ ಉಳಿದಿದ್ದ ಕೆಲವು ಬೈಸನ್ ಒಂದು ಕಣಿವೆಯಲ್ಲಿ ಅವನಿಗೆ ಸಿಕ್ಕವು. ಒಂದು ಮುದಿ ಹೆಣ್ಣು, ಅದರ ಸುತ್ತ ತಬ್ಬಲಿ ಕರುಗಳು. ಅವನ ಕರುಳು ಚುರ್ ಎಂದಿತು. ಇವೂ ಹೋದರೆ ಆ ಕುಲವೇ ಮುಗಿಯಿತು ಎಂದುಕೊಂಡು ಹಟ್ಟಿಗೆ ಹೊಡೆದುಕೊಂಡು ಬಂದ. ಬೇಲಿ ಹಾಕಿದ. ಕಾಡುದನಕ್ಕೆ ಯಾಕೆ ಈ ಉಪಚಾರ ಎಂದು ಹೆಂಡತಿ ಬೈದಳು, ಕೇಳಲಿಲ್ಲ.

ದನ ಸಾಕುವವರಲ್ಲಿ ಒಂದು ರೂಢಿ ಉಂಟು. ಚಳಿ ಹಿಡಿಯುವ ಮುಂಚೆ ಗೊಡ್ಡು ದನವನ್ನು ಕಟುಕರಿಗೆ ಸಾಗಿಸುವುದು, ಹುಲ್ಲನ್ನು ಉಳಿದವಕ್ಕೆ ಇಟ್ಟುಕೊಳ್ಳುವುದು. ಆ ಮುದಿ ಹೆಣ್ಣು ಕರು ಹಾಕುವ ಕಾಲ ದಾಟಿತ್ತು. ಅದರ ಕೊರಳಿಗೆ ಹಗ್ಗ ಹಾಕುವ ಹೊತ್ತಿಗೆ ಬೇಲಿಯ ಬಳಿ ಒಬ್ಬ ಮುದುಕಿ ಬಂದು ನಿಂತಳು. ಮೂಲದ ಜನರವಳು, ಆಗಾಗ ಬಂದು ಹಿಂಡನ್ನು ನೋಡಿ ಹೋಗುವವಳು.

"ಅವಳನ್ನು ಕಳಿಸಬೇಡಪ್ಪ," ಎಂದಳು. "ಹಿಮ ಬಿದ್ದಾಗ ಮೇಯುವುದು ಹೇಗೆಂದು ಈ ಮಕ್ಕಳಿಗೆ ತೋರಿಸುವವಳು ಅವಳೊಬ್ಬಳೇ."

"ತಿನ್ನಿಸಲು ನಾನಿದ್ದೇನಲ್ಲ ತಾಯಿ. ಇವಳು ತಿನ್ನುವ ಹುಲ್ಲಿನಲ್ಲಿ ಎರಡು ಕರು ಬದುಕುತ್ತವೆ. ಈ ಕುಲ ಉಳಿಯಲೆಂದು ನಾನು ಪಡುವ ಪಾಡು ನಿನಗೇನು ಗೊತ್ತು?"

ಅವಳಿಗೇನು ಗೊತ್ತಂತೆ. ಎಷ್ಟು ತಲೆಮಾರಿನಿಂದ ಆ ಜೀವದ ಜೊತೆ ಬಾಳಿದ ಕುಲವೋ ಅವಳದು. ಮುದುಕಿ ಹೊರಟುಹೋದಳು, ದನಗಾರ ಆ ಮುದಿ ಹೆಣ್ಣನ್ನು ಕಟುಕರಿಗೆ ಸಾಗಿಸಿದ.

ದನಗಾರ ಕೊಟ್ಟ ಮಾತಿಗೆ ತಪ್ಪಲಿಲ್ಲ. ಚಳಿಗಾಲ ಬಂದಾಗಲೆಲ್ಲ ಗಾಡಿಯಲ್ಲಿ ಒಣಹುಲ್ಲು ತಂದು ಹಾಕಿದ. ಕರುಗಳು ಬೆಳೆದು ತಾಯಂದಿರಾದವು, ಅವುಗಳ ಕರುಗಳೂ ಗಾಡಿಯ ಸದ್ದಿಗೆ ಬಾಯಿ ತೆರೆದವು. ಹಿಂಡು ದೊಡ್ಡದಾಯಿತು. ಜನ ಅವನನ್ನು ಪುಣ್ಯಾತ್ಮ ಎಂದರು. ಕೊನೆಗೆ ಆ ಸೀಮೆಯ ದೊಡ್ಡವರು ಸೇರಿ ಬಯಲೊಂದನ್ನು ಬೈಸನ್‌ಗಳಿಗೆಂದೇ ಮೀಸಲಿಟ್ಟರು. ದನಗಾರ ಬೇಲಿ ತೆಗೆದು ಹಿಂಡನ್ನು ಬಯಲಿಗೆ ಬಿಟ್ಟ. ಮಗಳನ್ನು ಒಪ್ಪಿಸಿಕೊಟ್ಟ ತಂದೆಯ ಹಾಗೆ ಅತ್ತ.

ಆ ವರ್ಷ ಹಿಮ ಜೋರಾಗಿ ಬಿತ್ತು. ಅವನಿಗೆ ಮನಸ್ಸು ತಡೆಯಲಿಲ್ಲ. ಗಾಡಿಗೆ ಹುಲ್ಲು ಹೇರಿದ, ಗಾಲಿ ಹೂತುಹೋಯಿತು. ಗಾಡಿ ಬಿಟ್ಟು ನಡೆದೇ ಹೋದ. ಹಿಂಡು ಅವನ ಹಟ್ಟಿಯ ದಿಕ್ಕಿಗೆ ಮುಖಮಾಡಿ ನಿಂತಿತ್ತು. ಕೆಲವು ಆಗಲೇ ಬಿದ್ದಿದ್ದವು. ಅವನು ಹಿಮವನ್ನು ಕೈಯಿಂದ ಬಗೆದ. ಮೊಳದಷ್ಟು ಆಳದಲ್ಲಿ ಹುಲ್ಲು ನಿಂತೇ ಇತ್ತು.

ಆ ಜೀವಕ್ಕೆ ದೇವರು ಅಷ್ಟು ದೊಡ್ಡ ತಲೆ ಕೊಟ್ಟಿದ್ದು ಹಿಮವನ್ನು ಅತ್ತಿತ್ತ ತಳ್ಳಿ ಮೇಯಲಿಕ್ಕೆ. ಆದರೆ ಅದನ್ನು ಇವಕ್ಕೆ ತೋರಿಸಿಕೊಟ್ಟವರಿಲ್ಲ. ದನಗಾರ ಅವುಗಳ ಎದುರಿಗೆ ಮಂಡಿಯೂರಿ, ತನ್ನ ಹಣೆಯಿಂದಲೇ ಹಿಮ ತಳ್ಳಿ ತೋರಿಸಿದ. "ಹೀಗೆ, ಹೀಗೆ ಮಾಡ್ರೋ," ಎಂದು ಬೇಡಿಕೊಂಡ. ಅವನು ಬಗೆದುಕೊಟ್ಟಷ್ಟನ್ನು ತಿಂದು, ಅವನ ಬೆನ್ನ ಹಿಂದೆ ಗಾಡಿ ಬಂತೇ ಎಂದು ಅವು ನೋಡಿದವು. ಎರಡು ಕೈ ಎಷ್ಟು ಬಾಯಿಗೆ ಬಗೆದೀತು? ಬೆರಳು ಮರಗಟ್ಟುವ ತನಕ ಬಗೆದ. ಹಿಮ ಕರಗುವ ಹೊತ್ತಿಗೆ ಹಿಂಡು ಮುಗಿದಿತ್ತು. ಅವನು ಮತ್ತೆ ದನ ಸಾಕಲಿಲ್ಲ.

ಗುರುಗಳು ಕತೆ ಮುಗಿಸಿದರು. ಆದರೂ ರೇವಣಯ್ಯ ಬಿಡಲಿಲ್ಲ.

"ಅವನ ಮನಸ್ಸು ಒಳ್ಳೆಯದಿತ್ತಲ್ಲ ಬುದ್ಧಿ?"

"ಇತ್ತಪ್ಪ," ಎಂದರು ಗುರುಗಳು, "ಹಿಮದಡಿಯಲ್ಲಿ ಹುಲ್ಲೂ ಇತ್ತು."