ತೊಳೆದು ತಂದ ಎಂಜಿನ್

"ಗುರುಗಳೇ, ಕಣ್ಣಿಗೆ ಬೀಳದ ದೋಷವನ್ನು ತಿದ್ದುವುದು ಹೇಗೆ?"

ಕೇಳಿದವನು ಒಬ್ಬ ಗೃಹಸ್ಥ ಶಿಷ್ಯ. ವಾರಕ್ಕೊಮ್ಮೆ ನದಿಯಲ್ಲಿ ಮಿಂದು, ಒಗೆದ ಪಂಚೆ ಉಟ್ಟು ಆಶ್ರಮಕ್ಕೆ ಬರುವುದು ಅವನ ರೂಢಿ. ಅಂದೂ ಹಾಗೆಯೇ ಬಂದಿದ್ದ.

"ನನಗೆ ಸಿಟ್ಟು ಹೆಚ್ಚು ಎಂದು ಮನೆಯಲ್ಲಿ ಹೇಳುತ್ತಾರೆ. ನಾನು ಬಾಗಿಲಿಗೆ ಬಂದರೆ ಮಗಳು ಎದ್ದು ಒಳಗೆ ಹೋಗುತ್ತಾಳೆ. ಇಲ್ಲಿ ಕುಳಿತು ಮನಸ್ಸನ್ನೆಲ್ಲ ಹುಡುಕುತ್ತೇನೆ. ಸಿಟ್ಟು ಎಲ್ಲೂ ಸಿಗುವುದಿಲ್ಲ."

ಗುರುಗಳು ಒಂದು ಕತೆ ಹೇಳಿದರು.

ನದಿ ಸಮುದ್ರವನ್ನು ಸೇರುವ ಕಡೆ ಒಂದು ನಡುಗಡ್ಡೆ ಇತ್ತು. ಅಲ್ಲಿನ ಜನರನ್ನು ದಾಟಿಸಲು ಒಬ್ಬ ದೋಣಿಯವನಿದ್ದ. ದೋಣಿಯ ಹಿಂಬದಿಗೆ ಸಣ್ಣ ಎಂಜಿನ್ ಕಟ್ಟಿದ್ದ. ಹಗ್ಗ ಎಳೆದು ಚಾಲೂ ಮಾಡುವಂಥದು. ನದಿಯ ನಡುವೆ ಮೀನುಗಾರರ ಬಲೆಗಳಿರುತ್ತಿದ್ದವು. ಬಲೆ ಬಂದಲ್ಲಿ ಅವನು ಎಂಜಿನ್ ಆರಿಸಿ, ಅದರ ರೆಕ್ಕೆಯನ್ನು ನೀರಿನಿಂದ ಮೇಲೆತ್ತಿ, ದೋಣಿಯನ್ನು ಹಗುರಾಗಿ ಆಚೆಗೆ ತೇಲಿಸುತ್ತಿದ್ದ. ಆಮೇಲೆ ಮತ್ತೆ ಹಗ್ಗ ಎಳೆಯುತ್ತಿದ್ದ. ಯಾರ ಬಲೆಯನ್ನೂ ಹರಿದವನಲ್ಲ.

ಒಂದು ವರ್ಷ ಮಳೆಗಾಲ ಕಳೆದ ಮೇಲೆ ಎಂಜಿನ್ ಹಟ ಹಿಡಿಯಿತು. ದಡದಲ್ಲಿ ತಣ್ಣಗಿದ್ದಾಗ ಒಂದೇ ಎಳೆತಕ್ಕೆ ಹೊರಡುತ್ತಿತ್ತು. ಬಲೆ ದಾಟಿದ ಮೇಲೆ, ಬಿಸಿಯಿರುವಾಗ ಎಳೆದರೆ ಏಳುತ್ತಿರಲಿಲ್ಲ. ಒಂದು ಸಂಜೆ ಸಮುದ್ರದ ಇಳಿತದ ಸೆಳೆತ ದೋಣಿಯನ್ನು ನದಿ ಕಡಲಿಗೆ ಬೀಳುವ ಅಳಿವೆಯ ಕಡೆಗೆ, ತೆರೆಗಳು ಒಡೆಯುವಲ್ಲಿಗೆ ಎಳೆದೊಯ್ಯಿತು. ದೋಣಿಯಲ್ಲಿ ಶಾಲೆಯಿಂದ ಮರಳುವ ಮಕ್ಕಳಿದ್ದರು. ಬಲೆಯವರು ಹಗ್ಗ ಎಸೆದು ಉಳಿಸಿದರು. ಮಕ್ಕಳ ತಾಯಂದಿರು ಹೇಳಿದರು: "ಇನ್ನೊಮ್ಮೆ ಹೀಗಾದರೆ ನಿನ್ನ ದೋಣಿ ನಮಗೆ ಬೇಡ."

ದೋಣಿಯವನು ಪೇಟೆಯ ಮೆಕ್ಯಾನಿಕ್‌ಗೆ ತೋರಿಸಲು ಎಂಜಿನ್ ಬಿಚ್ಚಿದ. ಉಪ್ಪುನೀರಿನಲ್ಲಿ ಓಡಿದ ಎಂಜಿನ್ನನ್ನು ತೊಳೆಯದೆ ಯಾರ ಮುಂದೆಯೂ ಇಡಬಾರದು ಎಂಬುದು ಆ ಕಡೆಯ ಪದ್ಧತಿ. ಅವನೂ ಬಾವಿಯ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಆರಲು ಬಿಟ್ಟು, ಮರುದಿನ ಒಯ್ದ. ಮೆಕ್ಯಾನಿಕ್ ಅದನ್ನು ನೀರಿನ ಡ್ರಮ್ಮಿಗೆ ಕಟ್ಟಿ ಹಗ್ಗ ಎಳೆದ. ಒಂದೇ ಎಳೆತಕ್ಕೆ ಹೊರಟಿತು.

"ಇದಕ್ಕೆ ಏನೂ ಆಗಿಲ್ಲ ಮಾರಾಯರೆ. ಕಷಾಯ ಬೇಕಾದದ್ದು ನಿಮಗೆ," ಎಂದು ಮೆಕ್ಯಾನಿಕ್ ನಕ್ಕ.

ಇನ್ನೊಬ್ಬನ ಬಳಿಗೂ ತೊಳೆದೇ ಒಯ್ದ. ಅಲ್ಲಿಯೂ ಎಂಜಿನ್ ಒಳ್ಳೆಯ ಮಗುವಿನಂತೆ ನಡೆದುಕೊಂಡಿತು.

ಕೊನೆಗೆ ಸಿಕ್ಕ ಮೆಕ್ಯಾನಿಕ್ ಹಗ್ಗವನ್ನು ಮುಟ್ಟಲಿಲ್ಲ. ಎಲ್ಲಿ ಕೈಕೊಡುತ್ತದೆ ಎಂದಷ್ಟೇ ಕೇಳಿದ. ಬಲೆಯ ಆಚೆ ಎಂದಾಗ, "ಹಾಗಾದರೆ ಇಲ್ಲಿ ನೋಡಿದರೆ ನನಗೆ ಏನೂ ತಿಳಿಯದು. ಅಲ್ಲಿಗೇ ಹೋಗೋಣ. ಬೇರೆ ಯಾರನ್ನೂ ಹತ್ತಿಸಬೇಡಿ. ಲಂಗರು ಇರಲಿ," ಎಂದ.

ಇಬ್ಬರೇ ಹೊರಟರು. ಬಲೆ ದಾಟಿದರು. ದೋಣಿಯವನು ಹಗ್ಗ ಎಳೆದ. ಎಂಜಿನ್ ಏಳಲಿಲ್ಲ. ಅವನ ಮುಖ ಬಾಡಿತು. ಮೆಕ್ಯಾನಿಕ್‌ನ ಮುಖ ಮಾತ್ರ ನೆಂಟರನ್ನು ಕಂಡಂತೆ ಅರಳಿತು.

"ಹಗ್ಗ ಬಿಡಿ. ಲಂಗರು ಹಾಕಿ."

"ಸ್ವಲ್ಪ ಆರಲಿ ಮಾರಾಯರೆ, ತಾನೇ ಸರಿಹೋಗುತ್ತದೆ."

"ಆರಿದರೆ ನಾನು ಬಂದದ್ದು ದಂಡ."

ಬಿಸಿಯಿರುವಾಗಲೇ ಅವನು ಪ್ಲಗ್ ಬಿಚ್ಚಿದ. ಬೆರಳು ಸುಟ್ಟಿತು, ಬಿಡಲಿಲ್ಲ. ಪ್ಲಗ್ಗಿನ ತುದಿ ಒದ್ದೆಯಾಗಿತ್ತು; ಅಂದರೆ ಪೆಟ್ರೋಲ್ ಬರುತ್ತಿದೆ. ಅದನ್ನು ಒರೆಸಿ, ಎಂಜಿನ್ನಿನ ಲೋಹಕ್ಕೆ ತಾಗಿಸಿ ಹಿಡಿದು, ಹಗ್ಗ ಎಳೆಯಿಸಿದ. ಕಿಡಿ ಇಲ್ಲ. ಹೊಸ ಪ್ಲಗ್ ಹಿಡಿದ. ಆಗಲೂ ಇಲ್ಲ. ಇನ್ನು ಅವನ ಅನುಮಾನ ಪ್ಲಗ್ಗಿಗೆ ವಿದ್ಯುತ್ ಕಳಿಸುವ ಕಾಯಿಲ್ ಮೇಲೆ. ಬಟ್ಟೆಯನ್ನು ನದಿಯಲ್ಲಿ ಅದ್ದಿ, ಹಿಂಡಿ, ಅದರ ಮೇಲೆ ಮಾತ್ರ ಇಟ್ಟ. ಬೇರೇನನ್ನೂ ಮುಟ್ಟಲಿಲ್ಲ. ತುಸು ಕಾದು ಮತ್ತೆ ಎಳೆಯಿಸಿದ. ನೀಲಿ ಕಿಡಿ ಹಾರಿತು.

ಬಿಸಿಯಾದಾಗ ಕೈಕೊಡುತ್ತಿದ್ದ ಕಾಯಿಲ್ ಬದಲಾಯಿತು. ಆಮೇಲೆ ಎಂಜಿನ್ ಬಲೆಯ ಆಚೆಗೂ ಒಂದೇ ಎಳೆತಕ್ಕೆ ಎದ್ದಿತು. ಮಕ್ಕಳು ಮತ್ತೆ ದೋಣಿ ಹತ್ತಿದರು. ದೋಣಿಯವನು ಈಗಲೂ ಆ ಮೆಕ್ಯಾನಿಕ್‌ನ ಮಾತು ಬಂದರೆ, ಅವನ ಬೆರಳು ಸುಟ್ಟದ್ದನ್ನೇ ಮೊದಲು ಹೇಳುತ್ತಾನೆ.

ಶಿಷ್ಯ ತಲೆದೂಗಿದ. ಅವನ ಕೂದಲು ಇನ್ನೂ ಒದ್ದೆಯಾಗಿತ್ತು.

"ದೊಡ್ಡ ಮನುಷ್ಯ, ಗುರುಗಳೇ. ಬೇರೆಯವರಿಗೆ ಹೊಳೆಯದ್ದು ಅವನಿಗೆ ಹೊಳೆಯಿತು," ಎಂದ.

ಗುರುಗಳು ಹೇಳಿದರು: "ನನ್ನ ಬಳಿಗೆ ನೀನೂ ಆ ಎಂಜಿನ್ನಿನಂತೆ ಮಿಂದು, ತಣ್ಣಗಾಗಿ ಬರುತ್ತೀಯ. ನೀನು ಬಿಸಿಯಿರುವಾಗ ದೋಣಿಯಲ್ಲಿ ಕುಳಿತಿರುವವಳು ನಿನ್ನ ಮಗಳು."