ಅಂಬಿಗ ಜುಮಾನ ನಾಡಾಳಿದ್ದು

ಹಿಂದೆ, ಇಂದಿನ ಹಣ್ಣುಮುದುಕರು ಹುಡುಗರಾಗಿ ಹೊಲದಲ್ಲಿ ಹಕ್ಕಿ ಓಡಿಸುತ್ತಿದ್ದುದಕ್ಕೂ ಹಿಂದೆ, ಆಫ್ರಿಕದ ಪಡುವಣ ಸೀಮೆಯಲ್ಲಿ ಕೊಂಬಾಲಾ ಎಂಬ ಹೊಳೆದಂಡೆಯ ಊರಿತ್ತಂತೆ. ಆ ಊರಿನಲ್ಲಿ ಜುಮಾನ ಎಂಬ ಅಂಬಿಗನಿದ್ದನಂತೆ. ಅವನು ಈ ದಂಡೆಯಲ್ಲಿ ನಿಂತು ಕೂಗಿದರೆ ಆ ದಂಡೆಯ ಮೊಸಳೆ ನೀರಿಗಿಳಿಯುತ್ತಿತ್ತಂತೆ.

ಆಗ ಬಿಳಿಯರ ಆಳ್ವಿಕೆ. ರಸ್ತೆ ಹಾಕಲೆಂದು ಸಿಪಾಯಿಗಳು ಬಂದು ಗಂಡಸರನ್ನು ಹಗ್ಗದಲ್ಲಿ ಕಟ್ಟಿ ಬಿಟ್ಟಿ ಚಾಕರಿಗೆ ಒಯ್ಯುತ್ತಿದ್ದರು. ಮರಳಿದವರು ಕಡಿಮೆ, ಮರಳಿದವರೂ ಕೆಮ್ಮುತ್ತ ಮರಳಿದರು. ಜುಮಾನನ ಅಪ್ಪ ಮರಳಲೇ ಇಲ್ಲ.

ಧೂಳುಗಾಳಿ ಬೀಸಿ ಎದುರು ದಂಡೆ ಕಾಣದಂತಾದಾಗ ಜುಮಾನ ಊರ ಗಂಡಸರನ್ನು ದೋಣಿಯಲ್ಲಿ ಮಲಗಿಸಿ, ಮೇಲೆ ಜೋಳದ ದಂಟು ಹೊದಿಸಿ, ಹೊಳೆಯಾಚೆಯ ಪರರಾಜ್ಯಕ್ಕೆ ದಾಟಿಸುತ್ತಿದ್ದನಂತೆ. ಜೊತೆಗೆ ಹುಟ್ಟು ಹಾಕುತ್ತಿದ್ದವನು ಅವನ ಗೆಳೆಯ, ಕಮ್ಮಾರ ಫಾಸಿನೆ. ಸುಳಿವು ಸಿಕ್ಕಿದ ಸಿಪಾಯಿಗಳು ದೋಣಿ ಸುಟ್ಟರು, ಜುಮಾನನನ್ನು ಬೆನ್ನ ಚರ್ಮ ಸುಲಿಯುವಂತೆ ಹೊಡೆದರು. ದಾಟಿಸಿದವರ ಹೆಸರು ಹೇಳೆಂದರೆ ಅವನು ಹೊಳೆಯ ಮೀನುಗಳ ಹೆಸರು ಹೇಳಿದನಂತೆ. ಹೊಡೆಯುವವರ ಕೈ ಸೋತಿತು, ಮೀನುಗಳ ಹೆಸರು ಮುಗಿಯಲಿಲ್ಲವಂತೆ.

ಅಲ್ಲಿಂದ ಅವನ ಮಾತು ಸಂತೆಯಿಂದ ಸಂತೆಗೆ ಹೋಯಿತು. ನಮ್ಮ ಮೈ ನಮ್ಮದು ಎಂದಷ್ಟೇ ಹೇಳುತ್ತಿದ್ದನಂತೆ. ಜನ ಗುದ್ದಲಿ ಕೆಳಗಿಟ್ಟು ಕೂತರು, ಎಬ್ಬಿಸಿದರೂ ಏಳಲಿಲ್ಲ. ಕೊನೆಗೆ ಬಿಳಿಯರು ಹಡಗು ಹತ್ತಿದರು. ಜನ ಅಂಬಿಗನನ್ನು ರಾಜಧಾನಿಗೆ ಹೊತ್ತೊಯ್ದು, ನೀನೇ ಆಳು ಅಂದರು.

ಮೊದಮೊದಲು ಚೆನ್ನಾಗಿಯೇ ಆಳಿದ. ಬಾವಿ ತೋಡಿಸಿದ, ಶಾಲೆ ಕಟ್ಟಿಸಿದ. ಆಮೇಲೆ ಅವಸರ ಹಿಡಿಯಿತು. ನಾಡಿನ ಉದ್ದಕ್ಕೂ ರಸ್ತೆ ಬೇಕು, ತಾನು ಕಣ್ಣುಮುಚ್ಚುವುದರೊಳಗೆ ಬೇಕು. ಸುತ್ತ ಕೂತ ಮಂತ್ರಿಗಳು ಹೌದು ಹೌದು ಅಂದರು. ಹೊಳೆದಂಡೆಯ ಊರುಗಳಿಗೆ ಮತ್ತೆ ಸಿಪಾಯಿಗಳು ಹೋದರು.

ಆಗ ಫಾಸಿನೆ ನಡೆದುಕೊಂಡೇ ರಾಜಧಾನಿಗೆ ಬಂದನಂತೆ. ಮಂತ್ರಿಗಳೆದುರೇ ನಿಂತು, "ಜುಮಾನ, ಊರಿಗೆ ಸಿಪಾಯಿಗಳು ಬಂದಿದ್ದಾರೆ" ಅಂದ.

"ನಮ್ಮ ಸಿಪಾಯಿಗಳು," ಅಂದ ಜುಮಾನ. "ರಸ್ತೆಯೂ ನಮ್ಮದೇ."

"ಹಗ್ಗ ಮಾತ್ರ ಹಳೆಯದೇ ಕಣೋ."

ಜುಮಾನನ ಮುಖ ಕಾದ ಕಬ್ಬಿಣವಾಯಿತು. ಇಬ್ಬರೇ ಇದ್ದಿದ್ದರೆ ಅವನು ಗೆಳೆಯನ ಹೆಗಲ ಮೇಲೆ ಅತ್ತುಬಿಡುತ್ತಿದ್ದನೇನೋ ಅನ್ನುತ್ತಾರೆ. ಆದರೆ ಮಂತ್ರಿಗಳು ನೋಡುತ್ತಿದ್ದರು. ಇವನನ್ನು ಸ್ವಲ್ಪ ದಿನ ಒಳಗಿಡಿ ಅಂದ. ನಾಳೆ ಬಿಡಿಸೋಣ ಅಂದುಕೊಂಡ. ನಾಳೆ ಬಂದಾಗ, ಬಿಡಿಸಿದರೆ ಸೋತಂತಾಗುತ್ತದೆ ಅನಿಸಿತು. ಹೀಗೇ ಬೇಸಿಗೆ ಬಂತು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಫಾಸಿನೆ ನೀರು ಕೇಳುತ್ತ ಸತ್ತನಂತೆ. ಹೆಣವನ್ನೂ ಊರಿಗೆ ಕೊಡಲಿಲ್ಲ.

ಮುಂದೆ ಅದೇ ಸಿಪಾಯಿಗಳು ಜುಮಾನನ ಮೇಲೆಯೇ ತಿರುಗಿಬಿದ್ದರು. ಹೌದು ಹೌದು ಅಂದವರು ಅವರಿಗೂ ಹೌದು ಅಂದರು. ಜುಮಾನ ಒಬ್ಬನೇ ಓಡಿ ಕೊಂಬಾಲಾಕ್ಕೆ ಬಂದು ದಂಡೆಯಲ್ಲಿ ನಿಂತು ಕೂಗಿದ. ಒಬ್ಬ ಅಂಬಿಗನೂ ಏಳಲಿಲ್ಲ. ಎದ್ದವಳು ನ್ಯಾಗಲೆ, ಫಾಸಿನೆಯ ಹೆಂಡತಿ. ದೋಣಿ ಬಿಚ್ಚಿದಳು.

ನಡುಹೊಳೆಯಲ್ಲಿ ಜುಮಾನ ಬಾಯಿ ಬಿಟ್ಟ. "ಅವನನ್ನು ಬಿಡಿಸಬೇಕು ಅಂತ ದಿನಾ ಅಂದುಕೊಳ್ಳುತ್ತಿದ್ದೆ, ತಂಗಿ."

ನ್ಯಾಗಲೆ ಹುಟ್ಟು ನಿಲ್ಲಿಸಲಿಲ್ಲ. "ಒಳಗೆ ಕೂತು ಅವರೂ ದಿನಾ ಅದನ್ನೇ ಅಂದುಕೊಂಡಿರಬೇಕು, ಅಣ್ಣ."

ಆಚೆ ದಂಡೆಯಲ್ಲಿ ಇಳಿದವನು ಮತ್ತೆ ಯಾರೊಡನೆಯೂ ಮಾತಾಡಲಿಲ್ಲವಂತೆ. ಪರರಾಜ್ಯದ ರಸ್ತೆಯಲ್ಲಿ ಜಲ್ಲಿ ಒಡೆಯುತ್ತ ಸತ್ತ ಅನ್ನುತ್ತಾರೆ. ಗೋರಿ ಎಲ್ಲೆಂದು ಯಾರಿಗೂ ತಿಳಿಯದು.

ಇಂದಿಗೂ ಕೊಂಬಾಲಾದಲ್ಲಿ ಊರಿಗೆ ಹೊಸ ಯಜಮಾನನನ್ನು ಆರಿಸಿದರೆ ಒಡನೆ ಪೀಠ ಹಾಕುವುದಿಲ್ಲ. ಮೊದಲು ಒಬ್ಬ ವಿಧವೆ ಎದ್ದು, ಅವನ ತಪ್ಪುಗಳನ್ನೆಲ್ಲ ಊರೆದುರು ಹೇಳುತ್ತಾಳೆ. ಅವನು ನಿಂತೇ ಕೇಳಬೇಕು, ಎದುರಾಡಬಾರದು. ಎದುರಾಡಿದರೆ ಬೇರೊಬ್ಬನನ್ನು ಕರೆಯುತ್ತಾರೆ. ಯಜಮಾನನೇ ಇಲ್ಲದೆ ಊರು ಕಳೆದ ವರ್ಷಗಳೂ ಉಂಟಂತೆ.